ಪಾಡ್ಯದ ದಿನದ ಕಡಲು

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಎದ್ದದ್ದು 1114ರ ಸುಮಾರಿಗೆ. ಅದರ ಮಗ್ಗುಲಿನ ಕೆರೆಯಲ್ಲಿ ನೀರಿನ ಅಂಚು ಸರಿಯುವುದು ತಿಂಗಳ ಲೆಕ್ಕದಲ್ಲಿ. ಮಳೆಗಾಲ ಮುಗಿಯುವಾಗ ಮೇಲಿರುತ್ತದೆ, ಶಿವರಾತ್ರಿ ಕಳೆದರೆ ಕೆಳಗಿಳಿಯುತ್ತದೆ. ಗೊರೂರು ಅಣೆಕಟ್ಟೆಯ ಹಿನ್ನೀರಿನದೂ ಅದೇ ನಡೆ. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಬುಡದ ತನಕ ಬಯಲಾಗುತ್ತದೆ. ಮುಳುಗಿದ ಗೋಡೆ ನೋಡಬೇಕೆನ್ನುವವರು ಒಂದು ತಿಂಗಳಲ್ಲಿ ಹೋಗುತ್ತಾರೆ, ಒಳಗೆ ಓಡಾಡಬೇಕೆನ್ನುವವರು ಇನ್ನೊಂದು ತಿಂಗಳಲ್ಲಿ. ಹೀಗೆ ನೀರಿನ ಮಟ್ಟ ಕೇಳಿಕೊಂಡು ಹೊರಡುವ ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಜನ ಕಡಲಿಗೆ ಹೊರಡುವಾಗ ಮಾತ್ರ ರಜೆ ಇದೆಯೇ, ಗಾಡಿ ಸಿಕ್ಕಿತೇ ಎಂದಷ್ಟೇ ನೋಡುತ್ತಾರೆ. ಕಡಲಿನ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಅದರ ಹೊತ್ತು ತಿಳಿಯದೆ ಹೋದವರಿಗೆ ಸಿಗುವುದು ಅರ್ಧ ಕಡಲು. ಆ ಹೊತ್ತನ್ನು ತಿಳಿಯಲು ಘಟ್ಟದ ಮೇಲಿನ ಮನೆಗಳಿಗೆ ಗೋಡೆಯ ಕ್ಯಾಲೆಂಡರೇ ಸಾಕು ಎಂಬುದು ನನ್ನ ವಾದ.

ಕ್ಯಾಲೆಂಡರಿನ ತಿಥಿ ಎಂದರೆ ಸೂರ್ಯನಿಂದ ಚಂದ್ರ ಎಷ್ಟು ದೂರ ಸರಿದಿದ್ದಾನೆ ಎಂಬ ಅಳತೆ. ಹನ್ನೆರಡು ಡಿಗ್ರಿಗೆ ಒಂದು ತಿಥಿ, ಒಂದು ಸುತ್ತಿಗೆ ಮೂವತ್ತು. ಕಡಲನ್ನು ಎತ್ತಿ ಇಳಿಸುವವರೂ ಅವರಿಬ್ಬರೇ. ಚಂದ್ರನ ಪಾಲು ದೊಡ್ಡದು, ಸೂರ್ಯನದು ಅದರ ಅರ್ಧಕ್ಕಿಂತ ತುಸು ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಇಬ್ಬರೂ ಒಂದೇ ಗೆರೆಯಲ್ಲಿ ನಿಂತು ಎಳೆಯುವುದರಿಂದ ನೀರು ಬಹಳ ಏರಿ ಬಹಳ ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಒಬ್ಬರ ಸೆಳೆತ ಇನ್ನೊಬ್ಬರದಕ್ಕೆ ಅಡ್ಡವಾಗುವುದರಿಂದ ಏರಿಳಿತ ಮಂದವಾಗುತ್ತದೆ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುವಂತೆ ಉಬ್ಬರವೂ ಅಷ್ಟೇ ತಡವಾಗುತ್ತ ಹೋಗುತ್ತದೆ. ಹಾಗಾಗಿ ಒಂದು ಊರಿನ ಕಡಲಿಗೆ ಒಂದು ತಿಥಿಯ ಉಬ್ಬರದ ಹೊತ್ತು ಹೆಚ್ಚುಕಡಿಮೆ ಗೊತ್ತಾದದ್ದೇ. ಕರ್ನಾಟಕದ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಉಬ್ಬರ ಬರುವುದು ಬೆಳಗಿನ ಹತ್ತೂವರೆ, ಹನ್ನೆರಡರ ನಡುವೆ. ಇಳಿತ ಸಂಜೆ ಐದರ ಆಸುಪಾಸು. ಅಲ್ಲಿಂದ ತಿಥಿಗೆ ಮುಕ್ಕಾಲು ಗಂಟೆಯ ಮೇಲೊಂದಿಷ್ಟು ಸೇರಿಸುತ್ತ ಹೋದರೆ ಅಷ್ಟಮಿಯ ದಿನ ಲೆಕ್ಕ ತಲೆಕೆಳಗಾಗಿರುತ್ತದೆ. ಅಂದು ಹನ್ನೊಂದರ ಸುಮಾರಿಗೆ ಇಳಿತ, ಸಂಜೆಗೆ ಉಬ್ಬರ.

ಈಗ ಇದನ್ನು ಹಾಸನದ ದಿನಚರಿಯ ಪಕ್ಕದಲ್ಲಿಟ್ಟು ನೋಡಿ. ಬೆಳಿಗ್ಗೆ ಆರಕ್ಕೆ ಹೊರಟು ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದರೆ ಮಂಗಳೂರು ಸೇರಲು ನಾಲ್ಕು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಪಣಂಬೂರಿನ ಮರಳು ಕಾಲಿಗೆ ತಗಲುವಾಗ ಹನ್ನೊಂದು. ಅಷ್ಟಮಿಯಾದರೆ ಬಿಸಿಲು ನೆತ್ತಿಗೇರುವಾಗ ಇಳಿತ, ಅದೂ ಅರೆಬರೆ. ತಂಪು ಹೊತ್ತಿಗೆ ನೀರು ಏರಿ ಬಂದು, ಜನ ಮೇಲಿನ ಮೆತ್ತನೆಯ ಮರಳಿನಲ್ಲಿ ಒತ್ತಿಕೊಂಡು ನಿಲ್ಲಬೇಕು. ಚತುರ್ದಶಿಯಿಂದ ಬಿದಿಗೆಯವರೆಗಿನ ದಿನಗಳಲ್ಲಾದರೆ ತಲುಪಿದಾಗ ನೀರು ತುಂಬಿರುತ್ತದೆ. ಊಟ ಮುಗಿಸಿ ಮರದಡಿ ಕುಳಿತಿರುವಾಗ ಹಿಂದೆ ಸರಿಯತೊಡಗುತ್ತದೆ, ಸಂಜೆ ನಾಲ್ಕರಿಂದ ಆರೂವರೆಯೊಳಗೆ ಅಗಲವಾದ ಗಟ್ಟಿ ಮರಳನ್ನು ಬಿಟ್ಟುಕೊಡುತ್ತದೆ. ಚಳಿಗಾಲದ ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ದಿನದ ಎರಡು ಇಳಿತಗಳ ಪೈಕಿ ಸಂಜೆಯದೇ ಹೆಚ್ಚು ತಗ್ಗು. ದೂರದಿಂದ ಬಂದವರಿಗೆ ಇದಕ್ಕಿಂತ ಅನುಕೂಲ ಬೇಕೆ?

ನಮ್ಮ ಕಡಲು ಏರಿಳಿಯುವುದೇ ಒಂದೂವರೆ ಮೀಟರಿನಷ್ಟು, ಇದಕ್ಕೆಲ್ಲ ಲೆಕ್ಕವೇಕೆ ಎಂದು ಕೇಳಬಹುದು. ಗುಜರಾತಿನ ಖಂಭಾತ ಕೊಲ್ಲಿಯಲ್ಲಿ ನೀರು ಹತ್ತು ಮೀಟರಿನಷ್ಟು ಏರುತ್ತದೆ. ಅಲ್ಲಿನ ಕಾವಿ ಕಂಬೋಯಿಯ ಸ್ತಂಭೇಶ್ವರ ಗುಡಿ ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ದರ್ಶನ ಕೊಡುತ್ತದೆ. ಅದರ ಮುಂದೆ ನಮ್ಮದು ಸಣ್ಣದು, ನಿಜ. ಆದರೆ ಕಡಲತೀರದಲ್ಲಿ ನಡೆಯುವವನಿಗೆ ಮುಖ್ಯವಾದದ್ದು ಎತ್ತರವಲ್ಲ, ಅಗಲ. ಮೂವತ್ತು ಅಡಿಗೆ ಒಂದಡಿ ಇಳಿಜಾರಿರುವ ಮರಳಿನಲ್ಲಿ ನೀರು ಒಂದೂವರೆ ಮೀಟರ್ ಇಳಿದರೆ 45 ಮೀಟರ್ ನೆಲ ತೆರೆದುಕೊಳ್ಳುತ್ತದೆ. ಬೆಳಿಗ್ಗೆ ಇಲ್ಲದ ನೆಲ ಅದು. ಅಲ್ಲಿ ಏನಿದೆ ಎಂದರೆ, ಬೆರಳು ಹೋಗುವಷ್ಟೇ ಬಿಲಗಳಿಂದ ಪುಟ್ಟ ಏಡಿಗಳು ಹೊರಬಂದು ಒದ್ದೆ ಮರಳನ್ನು ಬಾಯಿಗಿಟ್ಟು, ಅದರಲ್ಲಿನ ಆಹಾರ ಸೋಸಿಕೊಂಡು, ಉಳಿದದ್ದನ್ನು ಸಾಸಿವೆಗಿಂತ ತುಸು ದೊಡ್ಡ ಉಂಡೆ ಮಾಡಿ ಹಿಂದಕ್ಕೆ ಎಸೆಯುತ್ತವೆ. ಬಿಲದ ಸುತ್ತ ಆ ಉಂಡೆಗಳು ಸಾಲುಸಾಲಾಗಿ ಹರಡಿರುತ್ತವೆ. ಮುಂದಿನ ಉಬ್ಬರ ಎಲ್ಲವನ್ನೂ ಒರೆಸುತ್ತದೆ, ಅದರ ಮುಂದಿನ ಇಳಿತದಲ್ಲಿ ಮತ್ತೆ ಮೊದಲಿನಿಂದ ಕೆಲಸ. ಕಾಪು, ಸೋಮೇಶ್ವರದ ಬಂಡೆಗಳ ನಡುವಿನ ಗುಂಡಿಗಳಲ್ಲಿ ನೀರು ನಿಂತು, ಶಂಖದ ಹುಳು, ಸಣ್ಣ ಮೀನು ಕಾಣುವುದೂ ಆ ಒಂದೆರಡು ಗಂಟೆ ಮಾತ್ರ.

ಮೊಬೈಲು ನಿಮಿಷದ ಲೆಕ್ಕದಲ್ಲಿ ಉಬ್ಬರ ಹೇಳುವಾಗ ತಿಥಿಯ ಹಂಗೇಕೆ ಎಂಬ ಮಾತಿಗೂ ತೂಕವಿದೆ. ಹೊರಡುವ ಹಿಂದಿನ ದಿನ ಅದನ್ನು ನೋಡಲೇಬೇಕು. ಸರ್ವೆ ಆಫ್ ಇಂಡಿಯಾ ಪ್ರಕಟಿಸುವ ಉಬ್ಬರದ ಪಟ್ಟಿಯ ಕರಾರುವಾಕ್ಕುತನ ತಿಥಿಯ ಅಂದಾಜಿಗಿಲ್ಲ. ಆದರೆ ಆ ಪಟ್ಟಿ ಉಪಯೋಗಕ್ಕೆ ಬರುವುದು ದಿನ ಗೊತ್ತುಮಾಡಿದ ಮೇಲೆ. ತಿಂಗಳ ಮುಂಚೆ ಕುಳಿತು ಯಾವ ವಾರ ಹೋಗೋಣ ಎಂದು ಮನೆಮಂದಿ ಮಾತಾಡುವಾಗ ಒಂಟಿಕೊಪ್ಪಲ್ ಪಂಚಾಂಗದ ಒಂದು ಪುಟ ಇಡೀ ತಿಂಗಳ ಕಡಲನ್ನು ಒಟ್ಟಿಗೆ ತೋರಿಸುತ್ತದೆ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಯನ್ನು ಎಣಿಸಿ ಬಿತ್ತುವ ಸೀಮೆಯವರಿಗೆ ಇದು ಹೊಸ ವಿದ್ಯೆಯೇನಲ್ಲ.

ಗಟ್ಟಿ ಆಕ್ಷೇಪ ಬೇರೆಯದು. ಅಮಾವಾಸ್ಯೆಯ ದಿನ ನಮ್ಮ ಕಡೆ ಪ್ರಯಾಣ ಹೊರಡುವುದಿಲ್ಲ, ಹಿರಿಯರು ಒಪ್ಪುವುದಿಲ್ಲ. ಅದೇ ಕರಾವಳಿಯಲ್ಲಿ ಎಳ್ಳಮಾವಾಸ್ಯೆಯ ದಿನ ಜನ ಸಮುದ್ರಸ್ನಾನಕ್ಕೆ ಸೇರುತ್ತಾರೆ. ಈ ಎರಡು ನಂಬಿಕೆಗಳನ್ನು ಜಗಳಕ್ಕೆ ಬಿಡಬೇಕಾಗಿಲ್ಲ. ದೊಡ್ಡ ಏರಿಳಿತ ಬರುವುದು ಅಮಾವಾಸ್ಯೆಯ ದಿನವೇ ಅಲ್ಲ, ಅದಾದ ಒಂದೆರಡು ದಿನಕ್ಕೆ. ಅಷ್ಟು ನೀರು ಸೆಳೆತಕ್ಕೆ ಓಗೊಡಲು ಸಮಯ ಹಿಡಿಯುತ್ತದೆ. ಆದ್ದರಿಂದ ಪಾಡ್ಯ, ಬಿದಿಗೆಗಳು ಮನೆಯ ಹಿರಿಯರಿಗೂ ಸರಿ, ಕಡಲಿಗೂ ಸರಿ. ರಜೆ ನಮ್ಮ ಕೈಯಲ್ಲಿಲ್ಲ, ಭಾನುವಾರ ಯಾವ ತಿಥಿಗೆ ಬೀಳುತ್ತದೋ ಎನ್ನುವವರಿಗೆ ದಿನ ಬದಲಿಸಲಾಗದಿದ್ದರೂ ಹೊತ್ತು ಬದಲಿಸಬಹುದು. ಷಷ್ಠಿಯ ಭಾನುವಾರವಾದರೆ ಹಿಂದಿನ ರಾತ್ರಿಯೇ ಹೋಗಿ ಉಳಿದು, ಬೆಳಗಿನ ಇಳಿತಕ್ಕೆ ಮರಳಿಗಿಳಿದು, ಮಧ್ಯಾಹ್ನ ವಾಪಸು ಘಟ್ಟ ಹತ್ತಬಹುದು.

ತಿಥಿ ಕೈಬಿಡುವ ಜಾಗಗಳೂ ಇವೆ, ಅವನ್ನು ಮುಚ್ಚಿಡುವುದು ತಪ್ಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲೆಯದೇ ಆಟ. ಇಳಿತವೆಂದು ನೀರಿಗಿಳಿಯುವ ಮಾತೇ ಇಲ್ಲ. ಉಳಿದ ಕಾಲದಲ್ಲೂ ಅಳಿವೆಯ ಬಾಯಿ ಬೇರೆ ಲೋಕ. ಕೋಡಿಬೆಂಗ್ರೆಯಂಥಲ್ಲಿ ಇಳಿತದ ಹೊತ್ತಿಗೆ ಹೊಳೆಯ ನೀರು, ಒಳನುಗ್ಗಿದ್ದ ಕಡಲ ನೀರು ಎರಡೂ ಒಟ್ಟಿಗೆ ಹೊರಗೆ ಓಡುತ್ತವೆ. ಮೇಲೆ ಶಾಂತವಾಗಿ ಕಂಡರೂ ಈಜು ಬಲ್ಲವರನ್ನೂ ಎಳೆದೊಯ್ಯುವ ಸೆಳವು ಅದು, ಪಾಡ್ಯ, ಬಿದಿಗೆಗಳಲ್ಲಿ ಇನ್ನಷ್ಟು ಜೋರು. ನಡೆಯಲು ಒಳ್ಳೆಯ ದಿನ ಅಳಿವೆಯಲ್ಲಿ ಈಜಲು ಕೆಟ್ಟ ದಿನ. ಮಕ್ಕಳಿರುವವರು ಇದನ್ನು ಮರೆಯಲೇಬಾರದು. ಚೀಲ, ಚಪ್ಪಲಿ ಇಡುವಾಗ ಮರಳಿನ ಮೇಲೆ ಒಣಕಡ್ಡಿ, ತೆಂಗಿನ ಮಟ್ಟೆ, ಚಿಪ್ಪು ಸೇರಿ ಎಳೆದಂತೆ ಕಾಣುವ ಕಸದ ಗೆರೆಯನ್ನು ಹುಡುಕಬೇಕು. ಹಿಂದಿನ ದೊಡ್ಡ ಉಬ್ಬರ ಬಂದು ನಿಂತದ್ದು ಅಲ್ಲಿ. ಅದರ ಮೇಲೆ ಇಟ್ಟದ್ದು ಉಳಿಯುತ್ತದೆ.

ಈ ಲೆಕ್ಕವನ್ನು ಹೊಟ್ಟೆಪಾಡಿಗೆ ಬಳಸುವವರು ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿದ್ದಾರೆ. ಇಳಿತಕ್ಕೆ ಕಾದು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರು, ಗಜನಿ ಎಂಬ ಅಳಿವೆಯ ಗದ್ದೆಯಲ್ಲಿ ಉಪ್ಪುನೀರನ್ನು ತಡೆದು ಬಿಟ್ಟು ಕಗ್ಗ ಭತ್ತ ಬೆಳೆಯುವವರು ದಿನದ ಕೆಲಸ ಹೊಂದಿಸುವುದು ನೀರಿನ ಹೊತ್ತಿಗೆ. ವರ್ಷಕ್ಕೊಂದೆರಡು ದಿನ ಘಟ್ಟ ಇಳಿಯುವ ನಾವು ಅವರಷ್ಟು ಕಲಿಯಬೇಕಾಗಿಲ್ಲ. ಕಾರ್ತಿಕದಿಂದ ಮಾಘದವರೆಗಿನ ನಾಲ್ಕು ತಿಂಗಳಲ್ಲಿ, ಶುಕ್ಲಪಕ್ಷ, ಕೃಷ್ಣಪಕ್ಷ ಸೇರಿ ಎಂಟು ಪಾಡ್ಯಗಳು ಬರುತ್ತವೆ. ಅವುಗಳಲ್ಲಿ ಭಾನುವಾರಕ್ಕೆ ಹತ್ತಿರ ಬೀಳುವುದೊಂದನ್ನು ಹುಡುಕಿ, ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.