ಎರಡೇ ಬಣ್ಣ

ಕೆ.ಆರ್. ಮಾರ್ಕೆಟ್ಟಿಗೆ ಕ್ಯಾಮೆರಾ ಹಿಡಿದು ಹೋದ ಮೊದಲ ದಿನ 300 ಫೋಟೋ ತೆಗೆದಿದ್ದೆ. ಮನೆಗೆ ಬಂದು ನೋಡಿದರೆ ಒಂದೂ ನೆಟ್ಟಗಿಲ್ಲ. ಸೇವಂತಿಗೆ, ಕನಕಾಂಬರ, ಗುಲಾಬಿ, ಬಕೆಟ್ಟು, ಬ್ಯಾನರ್ರು ಎಲ್ಲಾ ಒಟ್ಟಿಗೇ ಕೂಗುತ್ತಿದ್ದವು. ಕಣ್ಣಿಗೆ ಕೂರೋಕೆ ಜಾಗವೇ ಇಲ್ಲ.

ಆಮೇಲೆ ಸಾಲ್ ಲೈಟರ್ ತೆಗೆದ ಚಿತ್ರಗಳು ಕಣ್ಣಿಗೆ ಬಿದ್ದವು. 1950ರ ಸುಮಾರಿನ ನ್ಯೂಯಾರ್ಕು, ಬೆಳ್ಳಗೆ ಹರಡಿದ ಹಿಮ, ಅದರಲ್ಲೊಂದು ಕೆಂಪು ಕೊಡೆ. ಅಷ್ಟೇ! ನಾನೂ ನಿಯಮ ಹಾಕ್ಕೊಂಡೆ: ಫ್ರೇಮಿನಲ್ಲಿ ಎರಡೇ ಬಣ್ಣ.

ಮುಂದಿನ ಭಾನುವಾರ ಮತ್ತೆ ಮಾರ್ಕೆಟ್ಟು. ಹಳದಿ ಸೇವಂತಿಗೆ ರಾಶಿ, ಹಿಂದೆ ನೀಲಿ ಟಾರ್ಪಾಲು. ಅಡ್ಡ ಬರುತ್ತಿದ್ದದ್ದು ಹೂವಿನಜ್ಜಿಯ ಕೆಂಪು ಸೀರೆಯೊಂದೇ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಅದನ್ನೂ ಹೊರಗಿಟ್ಟೆ. ಫೋಟೋ ಚೆಂದ ಬಂತು. ಖುಷಿಯಿಂದ ಅಜ್ಜಿಗೇ ತೋರಿಸಿದೆ.

"ಹೂವು ಚೆನ್ನಾಗೈತೆ ಕಣಪ್ಪಾ. ನಾನೆಲ್ಲಿ?"

ಏನು ಹೇಳೋದು? ಬಣ್ಣ ಕಮ್ಮಿ ಮಾಡೋದು ಅಂದ್ರೆ ಯಾವುದನ್ನು ಬಿಡಬೇಕು ಅನ್ನೋ ತೀರ್ಮಾನ. ನಾನು ಬಿಟ್ಟಿದ್ದು ಬೆಳಗಿನ ಜಾವದಿಂದ ಅಲ್ಲೇ ಕೂತಿದ್ದ ಮನುಷ್ಯರನ್ನ.

ಈಗಲೂ ಎರಡೇ ಬಣ್ಣ. ಆದರೆ ಮೊದಲನೆಯದು ಮನುಷ್ಯರದ್ದು, ಇನ್ನೊಂದನ್ನು ಅದಕ್ಕೆ ಹೊಂದಿಸ್ತೀನಿ. ಅವತ್ತು ಅಜ್ಜಿಯ ಕೆಂಪಿಗೆ ಪಕ್ಕದ ಮಲ್ಲಿಗೆಯ ಬಿಳಿ ಸರಿಹೋಯಿತು. ಸೇವಂತಿಗೆಯೇ ಆಚೆ ಉಳಿಯಿತು.