ಹಂಚಿನ ಬೆನ್ನಿನ ಅಕ್ಷರ

ಮೋಟೆಬೆನ್ನೂರಿನ ಹಳೆಯ ಮಿಷನ್ ಗುಡಿಯ ರಿಪೇರಿ ಮುಗಿದು ಸಭೆಯವರೆಲ್ಲ ಮತ್ತೆ ಒಳಗೆ ಕೂತ ಆ ಭಾನುವಾರದ ಸುದ್ದಿ ತೆಗೆದರೆ, ನಮ್ಮ ಮನೆಯಲ್ಲಿ ಇಂದಿಗೂ ಮಾತು ಮುಗಿಯುವುದಿಲ್ಲ. ಅಕ್ಕಿಆಲೂರಿನಿಂದ ನಸುಕಿನ ಬಸ್ಸು ಹಿಡಿದು, ಹಾವೇರಿಯಲ್ಲಿ ಇನ್ನೊಂದು ಬಸ್ಸು ಹತ್ತಿ ಹೋಗುತ್ತಿದ್ದವರು ನಾವು.

ಅದಕ್ಕೂ ಮೊದಲು ಮಳೆಗಾಲವೆಂದರೆ ಗುಡಿಯೊಳಗೆ ಬಕೆಟ್ಟುಗಳ ಸಾಲು. ಗೀತೆ ಹಾಡುವಾಗ ಪರವಾಗಿಲ್ಲ, ಪ್ರಾರ್ಥನೆಗೆ ಕಣ್ಣು ಮುಚ್ಚಿದೆವೋ, ಟಪ್ ಟಪ್ ಸದ್ದು. ಕೊನೆಗೆ ಹಂಚು ಇಳಿಸಿದರು. ಆರಾಧನೆ ಹೊರಗೆ, ಶಾಮಿಯಾನದ ಕೆಳಗೆ. ಇಳಿಸಿದ ಹಂಚು ತಿಕ್ಕಿ ತೊಳೆಯುವ ಕೆಲಸ ಮಕ್ಕಳದು. ಪಾಚಿ ಕೆರೆದಂತೆ ಉಬ್ಬಕ್ಷರ ಮೂಡಿತು: ಬಾಸೆಲ್ ಮಿಷನ್, 1865. ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಸಾಹೇಬರು ಹಂಚಿನ ಕಾರ್ಖಾನೆ ತೆರೆದ ವರ್ಷ. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನು 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ ಮುಟ್ಟಿತು. 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ಲರೂ ಅದೇ ಮಿಷನ್ನಿನವರು. ಇಷ್ಟನ್ನೂ ಅಪ್ಪ ಹಂಚಿನ ರಾಶಿಯ ಪಕ್ಕ ಕೂತೇ ಹೇಳಿದ್ದರು. ಗಟ್ಟಿಯಿದ್ದ ಹಂಚುಗಳನ್ನು ಬಿಸಾಡದೆ ಮತ್ತೆ ಮೇಲೇರಿಸಿದರು. ಇಡೀ ರಿಪೇರಿಯಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ.

ಒಳಗೆ ಹೋದ ದಿನ ಸುಣ್ಣದ ವಾಸನೆ, ನೆಲ ಫಳಫಳ. ಹೊಸ ಬೆಂಚು ಬಂದಿದ್ದವು. ನಮ್ಮ ಅಜ್ಜಿ ಮತ್ತು ಅವಳ ಓರಗೆಯವರು ಬಾಗಿಲಲ್ಲೇ ನಿಂತರು.

“ಬೆಂಚಿನ ಮ್ಯಾಲ ಕುಂತ್ರ ದೇವರ ಮುಂದ ಕಾಲು ಇಳಿಬಿಟ್ಟಂಗ ಆಕ್ಕೈತ್ರಿ, ಅಯ್ಯನೋರ” ಎಂದಳು ಅಜ್ಜಿ.

ಸಭಾಪಾಲಕರು ಎದುರಾಡಲಿಲ್ಲ. ಮುಂದಿನ ಎರಡು ಬೆಂಚು ಸರಿಸಿ, ಹಳೆಯ ನವಲಗುಂದದ ಜಮಖಾನ ಹಾಸಿಸಿದರು. ಮುದುಕಿಯರು ಸೆರಗು ಹೊದ್ದು ತಮ್ಮ ತಮ್ಮ ಜಾಗದಲ್ಲೇ ಕೂತರು, ಯಾರ ಪಕ್ಕ ಯಾರೆಂಬುದೂ ಬದಲಾಗಲಿಲ್ಲ. ಅವರು ಹಾಗೆ ಕೂತ ಮೇಲೇ ಅದು ನಮ್ಮ ಗುಡಿ ಅನ್ನಿಸಿದ್ದು.

ಆ ವರ್ಷದ ಸುಗ್ಗಿ ಹಬ್ಬಕ್ಕೆ ನಾವು ಅಕ್ಕಿಆಲೂರಿನ ಭತ್ತ ಒಯ್ದೆವು, ಬ್ಯಾಡಗಿ ಕಡೆಯವರು ಮೆಣಸಿನಕಾಯಿ ತಂದರು. ಸವಾಲಿನಲ್ಲಿ ಒಂದು ಕುಂಬಳಕಾಯಿ ನಾಲ್ಕು ಸಲ ಕೈ ಬದಲಾಯಿತು. ಕೊಂಡವರೆಲ್ಲ ಅದನ್ನು ಗುಡಿಗೇ ತಿರುಗಿ ಕೊಡುತ್ತಿದ್ದರು!

ನಿಮ್ಮ ಊರಿನ ಹಳೆಯ ಗುಡಿಯನ್ನೋ ಶಾಲೆಯನ್ನೋ ರಿಪೇರಿಗೆ ಬಿಚ್ಚುವವರಿದ್ದರೆ, ಹಂಚನ್ನು ಗುಜರಿಗೆ ಹಾಕುವ ಮುನ್ನ ದಯವಿಟ್ಟು ತಿರುವಿ ನೋಡಿ, ಅಕ್ಷರವಿದ್ದರೆ ಒಂದನ್ನಾದರೂ ತೆಗೆದಿಡಿ. ಆ ಕೆಲಸವನ್ನು ಮಕ್ಕಳ ಕೈಲೇ ಮಾಡಿಸಿ.