ವಿದ್ವತ್ತಿನ ಅನಂತರ

ಕಳೆದ ಮಾಘಮಾಸದ ಒಂದು ಸಂಜೆ ನನ್ನ ತಮ್ಮನ ಮಗಳು ಒಬ್ಬಳೇ ನಮ್ಮ ಮನೆಗೆ ಬಂದು, ಬಹಳ ಹೊತ್ತು ಮಾತನಾಡದೆ ಕುಳಿತಳು. ಬಾಲ್ಯದಿಂದಲೂ ಗುರುಮುಖದಲ್ಲಿ ವೀಣೆಯನ್ನು ಕಲಿತು, ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನೆಲ್ಲ ಮುಗಿಸಿದವಳು. ವಯಸ್ಸು ಇಪ್ಪತ್ತಾರು. ಕಚೇರಿಗಳು ವರ್ಷಕ್ಕೆ ನಾಲ್ಕೋ ಐದೋ. ಸಂಭಾವನೆಯು ಶಾಲು, ಫಲತಾಂಬೂಲಗಳಲ್ಲಿಯೇ ಮುಗಿಯುವುದೂ ಉಂಟು. ಕೊನೆಗೆ, “ದೊಡ್ಡಪ್ಪ, ಪಾಠ ಹೇಳಲು ಹೊರಟರೆ ನನ್ನ ಸಾಧನೆ ಅಲ್ಲಿಗೇ ನಿಂತುಹೋಗುವುದೆ?” ಎಂದಳು.

ಆ ಪ್ರಶ್ನೆಯು ನನ್ನನ್ನು ಚುಚ್ಚಿತು. ಮೂವತ್ತಮೂರು ವರ್ಷ ಮಕ್ಕಳಿಂದ ರಾಮಶಬ್ದವನ್ನು ಒಪ್ಪಿಸಿಕೊಂಡವನು ನಾನು. ಯೌವನದಲ್ಲಿ ಆರಂಭಿಸಿದ ಮಹಾಭಾಷ್ಯವು ಎರಡನೆಯ ಆಹ್ನಿಕದಲ್ಲಿ ನಿಂತದ್ದು ಇಂದಿಗೂ ಅಲ್ಲಿಯೇ ಇದೆ. ನೌಕರಿಯನ್ನು ದೂರುವುದು ಸುಲಭ. ಸಾಯಂಕಾಲಗಳನ್ನು ಇಸ್ಪೀಟಿಗೆ ಅರ್ಪಿಸಿದವನು ನಾನೇ ಎಂಬುದನ್ನು ನನ್ನ ಮನೆಯವಳು ಬಲ್ಲಳು.

ದಾರಿಗಳೇನೋ ಹಲವುಂಟು. ಶಾಲೆಗೆ ಸೇರಿದರೆ ತಿಂಗಳ ಸಂಬಳ ನಿಶ್ಚಯ. ಆದರೆ ಒಂದೇ ಕೊಠಡಿಯಲ್ಲಿ ನಲವತ್ತು ಕಂಠಗಳು, ವಾರ್ಷಿಕೋತ್ಸವಕ್ಕೊಂದು ಸ್ವಾಗತಗೀತೆ. ಕಾಲೇಜಿಗಾದರೆ ಸಂಗೀತದಲ್ಲಿ ಎಂ.ಎ., ಮೇಲೆ ನೆಟ್ ಪರೀಕ್ಷೆ. ದೂರದೇಶದ ಮಕ್ಕಳಿಗೆ ಕಂಪ್ಯೂಟರಿನ ಮುಂದೆ ಕುಳಿತು ಕಲಿಸುವವರೂ ಇದ್ದಾರೆ. ನಾದವು ತಡವಾಗಿ ಮುಟ್ಟುವುದರಿಂದ ಗುರುಶಿಷ್ಯರು ಕೂಡಿ ತಾಳ ಹಾಕಿ ನುಡಿಸಲಾಗದು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನೂ ನೆನಪಿಸಿದೆನು. ಪಂಚಾಕ್ಷರ ಗವಾಯಿಗಳು 1944ರಲ್ಲಿ ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಅಲ್ಲಿ ಅಂಧ ಬಾಲಕರಿಗೂ ಬಡವರಿಗೂ ವಿದ್ಯೆಯನ್ನೆರೆದರು. ಪಾಠ ಹೇಳಿದುದರಿಂದ ಅವರ ಗಾನಕ್ಕೆ ಕುಂದು ಬಂದುದಿಲ್ಲ.

ಆದರೆ ಬಲ್ಲವರೆಲ್ಲ ಕಲಿಸಬಲ್ಲರೆಂದಲ್ಲ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ಇಬ್ಬರು ನಾಟ್ಯಾಚಾರ್ಯರಿಗೆ ಮೇಲುಕೀಳಿನ ಕಲಹವುಂಟಾದಾಗ ಪರೀಕ್ಷೆಗೆಂದು ರಂಗಕ್ಕೆ ಬಂದವಳು ಶಿಷ್ಯೆಯೇ ಹೊರತು ಆಚಾರ್ಯನಲ್ಲ. ಆದುದರಿಂದ, “ಮೊದಲು ನಮ್ಮ ಬೀದಿಯ ಒಂದು ಮಗುವಿಗೆ ಮೂರು ತಿಂಗಳು ಹೇಳಿಕೊಡು, ಆಮೇಲೆ ಮಾತನಾಡೋಣ” ಎಂದೆನು.

ಎಂಟು ವರ್ಷದ ಬಾಲೆಯೊಬ್ಬಳು ಸಿಕ್ಕಳು. ಮೊದಲ ವಾರವೇ ಆ ಮಗು, “ಅಕ್ಕ, ಮಾಯಾಮಾಳವಗೌಳದಲ್ಲಿಯೇ ಏಕೆ ಶುರು ಮಾಡಬೇಕು?” ಎಂದು ಕೇಳಿತಂತೆ. ಎಲ್ಲರೂ ಹಾಗೆಯೇ ಕಲಿತದ್ದು ಎಂಬುದನ್ನು ಬಿಟ್ಟು ಇವಳಿಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ವೀಣೆಯನ್ನೆತ್ತಿಕೊಂಡು ನೋಡಿದಳು: ಷಡ್ಜದಿಂದ ಮಧ್ಯಮದವರೆಗೆ ಬೆರಳು ಹಿಡಿಯುವ ಮೆಟ್ಟಿಲುಗಳ ಅಂತರವೇ ಪಂಚಮದಿಂದ ಮೇಲಿನ ಷಡ್ಜದವರೆಗೂ ಇದೆ, ಅರ್ಧವನ್ನು ಕಲಿತ ಕೈಗೆ ಉಳಿದರ್ಧವು ತಾನಾಗಿ ಬರುತ್ತದೆ. “ಪರೀಕ್ಷೆಯಲ್ಲಿ ಬರೆದಿದ್ದೆ ದೊಡ್ಡಪ್ಪ, ಬೆರಳಿಗೆ ತಿಳಿದಿರಲಿಲ್ಲ” ಎಂದು ಮರುದಿನ ಓಡಿಬಂದು ಹೇಳಿದಳು.

ಆ ತಿಂಗಳುಗಳಲ್ಲಿ ಅವಳ ಸ್ವಂತ ಅಭ್ಯಾಸವು ಕುಗ್ಗಿದ್ದೂ ನಿಜ. ಅದನ್ನು ಅವಳೇ ಒಪ್ಪಿದಳು. ಈಗ ಮನೆಯಲ್ಲಿ ಆರು ಮಂದಿ ಶಿಷ್ಯರು. ಬೆಳಗಿನ ಐದರಿಂದ ಏಳರವರೆಗೆ ಮಾತ್ರ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಯಾರು ಬಂದರೂ ತೆರೆಯುವುದಿಲ್ಲ. ಶಾಲೆಯ ನೌಕರಿಯ ವಿಚಾರ ತೀರ್ಮಾನವಾಗಿಲ್ಲವೆಂದು ತಮ್ಮನಿಗೆ ಚಿಂತೆ.

ಮೊನ್ನೆ ಆ ಬಾಲೆಯು ನಮ್ಮ ಜಗುಲಿಯಲ್ಲಿ ಜಂಟಿವರಸೆಯನ್ನು ತಪ್ಪಿಲ್ಲದೆ ನುಡಿಸಿತು. ಅಂದು ಸಂಜೆ ನಾನು ಮಹಾಭಾಷ್ಯದ ಧೂಳನ್ನೊರೆಸಿ ಮೇಜಿನ ಮೇಲಿಟ್ಟೆನು. ಇನ್ನೂ ತೆರೆದಿಲ್ಲ.